ಮೂರು ನಿಮಿಷದ ವಂದನಾರ್ಪಣೆ

ಮೊದಲೇ ಹೇಳಿಬಿಡುತ್ತೇನೆ: ನಾನೀಗ ಬರೆಯಹೊರಟಿರುವುದು ಹೀಗೆಯೇ ನಡೆಯಿತು ಎಂದು ಆಣೆ ಹಾಕು ಎಂದರೆ ನಾನು ಹಾಕುವುದಿಲ್ಲ. ನಡೆದದ್ದಂತೂ ಹೌದು. ಹೇಗೆ ನಡೆಯಿತು, ಯಾರು ಏನು ಹೇಳಿದರು ಎಂಬ ವಿಷಯದಲ್ಲಿ ಮಾತ್ರ ನನ್ನ ನೆನಪಿಗೂ ನನ್ನ ಹೆಂಡತಿಯ ನೆನಪಿಗೂ ಕೋರ್ಟಿನ ಮೆಟ್ಟಿಲು ಹತ್ತುವಷ್ಟು ವ್ಯಾಜ್ಯವಿದೆ. ಹೊಟ್ಟೆಪಾಡಿಗೆ ನಾನು ಮಾಡುವ ಕೆಲಸ ಅಳತೆಯ ಉಪಕರಣಗಳನ್ನು ಪರೀಕ್ಷಿಸುವುದು. ಅಮೆರಿಕದ ಮಾರಿಸ್‌ಟೌನಿನ ಒಂದು ಕಂಪನಿಯ ಪ್ರಯೋಗಾಲಯದಲ್ಲಿ ಕೂತು, ಈ ಥರ್ಮಾಮೀಟರು ಎಷ್ಟು ಸುಳ್ಳು ಹೇಳುತ್ತದೆ, ಆ ತಕ್ಕಡಿ ಎಷ್ಟು ಸುಳ್ಳು ಹೇಳುತ್ತದೆ ಎಂದು ಹೇಳುವವನು ನಾನು. ಸುಳ್ಳೇ ಹೇಳದ ಉಪಕರಣವನ್ನು ಇದುವರೆಗೆ ಕಂಡಿಲ್ಲ. ಹಾಗಿರುವಾಗ, ಕಾಫಿಯಲ್ಲೂ ಸ್ವಾಭಿಮಾನದಲ್ಲೂ ನೆನೆದು ತಲೆಬುರುಡೆಯೊಳಗೆ ಕೂತಿರುವ ಈ ಒಂದು ಉಪಕರಣ ಮಾತ್ರ ಸತ್ಯಹರಿಶ್ಚಂದ್ರನ ವಂಶದ್ದೆಂದು ಹೇಗೆ ನಂಬಲಿ? ನಂಬುವುದಿಲ್ಲ. ಆದರೆ ಹೆಂಡತಿಯ ಉಪಕರಣ ನನ್ನದಕ್ಕಿಂತ ಚೆನ್ನಾಗಿದೆ ಎಂದು ಒಪ್ಪಿಕೊಳ್ಳುವುದು ಬೇರೆ ಮಾತು. ಅದಕ್ಕೆ ವಿಜ್ಞಾನ ಸಾಲದು, ಧೈರ್ಯ ಬೇಕು.

ವ್ಯಾಜ್ಯ ಶುರುವಾಗುವುದು ಒಂದು ಅಡಿಗೆಮನೆಯ ಟೈಮರಿನಿಂದ. ತಿರುಗಿಸಿಟ್ಟರೆ ಟಿಕ್ ಟಿಕ್ ಎಂದು ಸದ್ದು ಮಾಡುತ್ತ, ಹೊತ್ತಾದಾಗ ಟ್ರ್ರ್ ಎಂದು ಬಡಿದುಕೊಳ್ಳುವ, ಮೊಟ್ಟೆ ಬೇಯಿಸುವವರ ಸಾಮಾನು. ನಮ್ಮ ಊರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಬೋರ್ಡಿನ ಸಭೆಯಲ್ಲಿ, ಮೇಜಿನ ಮೇಲೆ ಅಂಥದ್ದೊಂದಿತ್ತು. ಅದು ಕೋಳಿಯ ಆಕಾರದಲ್ಲಿತ್ತು ಎಂದು ನನ್ನ ನೆನಪು. ಹಳದಿ ಕೋಳಿ. “ಕೋಳೀ ಅಲ್ಲ ಗೀಳೀ ಅಲ್ಲ, ಅದು ಟೊಮ್ಯಾಟೊ ಇತ್ತು” ಎನ್ನುತ್ತಾಳೆ ನನ್ನ ಹೆಂಡತಿ ವಿಮಲಾ. ಅವಳು ಧಾರವಾಡದವಳು, ಅಲ್ಲಿಯವರು ಒಂದು ಮಾತು ಆಡಿದರೆ ಅದರ ಮೇಲೆ ಕಲ್ಲು ಹೇರಿದಂತೆ. “ಕೆಂಪನ್ನ ಟೊಮ್ಯಾಟೊ. ಮ್ಯಾಲ ಹಸರ ದೇಟು, ದೇಟಿನ ತುದಿ ಮುರದಿತ್ತು.” ನಮ್ಮ ಜೊತೆಗೆ ಬಂದಿದ್ದ ಗೆಳೆಯ ಶೇಷಗಿರಿಯನ್ನು ಸಾಕ್ಷಿ ಕೇಳಿದರೆ ಅವನದು ಮೂರನೆಯ ಪಂಥ: “ಟೈಮರ್ರೇ ಇರ್ಲಿಲ್ಲ ಕಣಯ್ಯಾ. ಇದ್ದಿದ್ರೆ ನನ್ ಕಣ್ಣಿಗೆ ಬೀಳ್ತಿರ್ಲಿಲ್ವಾ? ಆ ಸೆಕ್ರೆಟರಿಯಮ್ಮ ಕೈಗಡಿಯಾರ ನೋಡ್ಕೊಂಡು ಬೆಲ್ ಹೊಡೀತಿದ್ಲು.” ಮೂವರು ವಿದ್ಯಾವಂತರು, ಒಂದೇ ಸಂಜೆ, ಒಂದೇ ಮೇಜು. ಇನ್ನು ಇತಿಹಾಸಕಾರರನ್ನು ನಂಬಿ ನೀವು ಮಕ್ಕಳಿಗೆ ಪಾಠ ಹೇಳಿಸಿ.

ಆಗ ನಾವು ಪಾರ್ಸಿಪನಿಗೆ ಅಂಟಿಕೊಂಡಂತಿರುವ ಒಂದು ಸಣ್ಣ ಊರಿನಲ್ಲಿ, ಹೈವೇ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು. ಮನೆ ಚೆನ್ನಾಗಿತ್ತು. ಕಿಟಕಿ ತೆರೆದರೆ ಲಾರಿ, ಮುಚ್ಚಿದರೆ ಲಾರಿಯ ಸದ್ದು. ನಮ್ಮ ಮಗಳು ಚಿತ್ರಾಗೆ ಆರು ವರ್ಷ, ಒಂದನೆಯ ಕ್ಲಾಸು. ಅವಳ ಶಾಲೆ ಹೈವೇಯ ಆಚೆ ಬದಿಗೆ. ಮಹಡಿಯಿಂದ ನೋಡಿದರೆ ಅದರ ಬಾವುಟದ ಕಂಬ ಕಾಣುತ್ತಿತ್ತು, ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ನಡುವೆ ಆ ಹೈವೇ. ಫುಟ್‌ಪಾತ್ ಎಂಬುದು ಆ ರಸ್ತೆಗೆ ಗೊತ್ತೇ ಇರಲಿಲ್ಲ. ನಡೆಯುವವನು ಅಲ್ಲಿ ಒಂದೋ ಹುಚ್ಚ, ಇಲ್ಲವೇ ಕಾರು ಕೆಟ್ಟವನು. ಪುಣ್ಯಕ್ಕೆ ಬೆಳಿಗ್ಗೆ ಹಳದಿ ಬಸ್ಸು ನಮ್ಮ ಗೇಟಿನ ಮುಂದೆಯೇ ನಿಂತು ಮಕ್ಕಳನ್ನು ತುಂಬಿಕೊಂಡು, ದೂರದ ಸಿಗ್ನಲಿನಲ್ಲಿ ಸುತ್ತಿಬಳಸಿ ಶಾಲೆ ಸೇರಿಸುತ್ತಿತ್ತು. ಇದ್ದ ಒಂದು ಕಾರನ್ನು ನಾನು ಕೆಲಸಕ್ಕೆ ಒಯ್ಯುತ್ತಿದ್ದೆ. ವಿಮಲಾಗೆ ಇನ್ನೂ ಡ್ರೈವಿಂಗ್ ಬರುತ್ತಿರಲಿಲ್ಲ. ನಾನು ಕಲಿಸುತ್ತಿದ್ದೆ. ಅಂದರೆ ಪಕ್ಕದಲ್ಲಿ ಕೂತು ಕೂಗುತ್ತಿದ್ದೆ. ಅದಕ್ಕೇ ಬರುತ್ತಿರಲಿಲ್ಲ ಎಂಬುದು ಅವಳ ವಾದ.

ಪೆಟ್ರೋಲು ಸಿಗದೆ ಬಂಕುಗಳ ಮುಂದೆ ಕಾರುಗಳು ರೇಷನ್ ಅಂಗಡಿಯ ಮುಂದಿನ ಸೀಮೆಎಣ್ಣೆ ಡಬ್ಬಗಳಂತೆ ಸಾಲು ನಿಂತ ಆ ಚಳಿಗಾಲದಲ್ಲಿ ಸುದ್ದಿ ಬಂತು. ತಂದವಳು ಕೆಳಗಿನ ಮನೆಯ ಮಿಸೆಸ್ ಕಾನಲಿ. ವಯಸ್ಸಾದ ವಿಧವೆ, ಒಂದು ಕಿವಿ ಮಂದ, ಇನ್ನೊಂದು ಕಿವಿ ಇಡೀ ಊರಿಗೆ ಸಾಕಾಗುವಷ್ಟು ಚುರುಕು. ಶಾಲೆಗೆ ಹತ್ತಿರವಿರುವ ಮನೆಗಳಿಗೆ ಮುಂದಿನ ಸೆಪ್ಟೆಂಬರಿನಿಂದ ಬಸ್ಸು ನಿಲ್ಲಿಸುವುದಂತೆ, ಮಕ್ಕಳು ನಡೆದೇ ಬರಬೇಕಂತೆ. ವಿಮಲಾ ಕಿಟಕಿಯ ಹತ್ತಿರ ಹೋಗಿ ಹೈವೇಯನ್ನು ನೋಡುತ್ತ ನಿಂತಳು. ಒಂದರ ಹಿಂದೆ ಒಂದು ಲಾರಿ. ಅವಳು ತಿರುಗಿ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ ಆ ಲಾರಿಗಳೆಲ್ಲ ನನ್ನವೇ ಎಂಬಂತೆ.

“ಬೋರ್ಡ್ ಮೀಟಿಂಗಿಗೆ ಹೋಗಿ ಹೇಳು, ಹನಿ,” ಎಂದಳು ಮಿಸೆಸ್ ಕಾನಲಿ. “ಕೊನೆಯಲ್ಲಿ ಪಬ್ಲಿಕ್ ಕಾಮೆಂಟ್ ಇರತ್ತೆ. ಮೈಕ್ ಮುಂದೆ ನಿಲ್ಲು, ಹೆಸರು ಹೇಳು, ಅಡ್ರೆಸ್ ಹೇಳು, ಮೂರು ನಿಮಿಷ ಮಾತಾಡು.”

“ನಮ್ಮನ್ನ ಯಾರು ಆಹ್ವಾನಿಸ್ತಾರೆ?” ಎಂದು ಕೇಳಿದೆ.

“ಆಹ್ವಾನ ಯಾಕೆ? ನನ್ನನ್ನ ಯಾರೂ ಕರೆಯಲ್ಲ. ಪ್ರತಿ ತಿಂಗಳೂ ಹೋಗ್ತೀನಿ. ಸ್ಕೂಲ್ ಬ್ಯಾಂಡಿನ ಗಲಾಟೆ ಬಗ್ಗೆ ಬೈತೀನಿ. ಅವರು ಥ್ಯಾಂಕ್ ಯೂ ಅಂತಾರೆ. ಮನೆಗೆ ಬರ್ತೀನಿ. ಎಷ್ಟು ಚೆನ್ನಾಗಿ ನಿದ್ದೆ ಬರತ್ತೆ ಗೊತ್ತಾ!”

ಇದು ನನ್ನ ಬುದ್ಧಿಗೆ ಒಗ್ಗಲಿಲ್ಲ. ಅತಿಥಿ ಪರಿಚಯವಿಲ್ಲ, ಹಾರವಿಲ್ಲ, ಕರಪತ್ರದಲ್ಲಿ ಹೆಸರಿಲ್ಲ, ಎದ್ದು ನಿಂತು ಮಾತಾಡುವುದು ಎಂದರೇನು? ನಮ್ಮಲ್ಲಿ ಹಾಗೆ ಮಾತಾಡುವವರನ್ನು ಸ್ವಯಂಸೇವಕರು ಬಂದು ಮೃದುವಾಗಿ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋಗುತ್ತಾರೆ. ನಾನು ಶೇಷಗಿರಿಗೆ ಫೋನ್ ಮಾಡಿದೆ. ಶೇಷಗಿರಿ ನನ್ನ ಮೈಸೂರಿನ ಸಹಪಾಠಿ, ಪಾರ್ಸಿಪನಿಯಲ್ಲಿ ಸೇತುವೆಗಳ ಇಂಜಿನಿಯರು, ನಮ್ಮ ಕನ್ನಡ ಬಳಗದ ಕಾಯಂ ಕಾರ್ಯದರ್ಶಿ. ಬಳಗವೆಂದರೆ ಹನ್ನೆರಡು ಕುಟುಂಬ, ಸೇರುವುದು ಯಾರದಾದರೂ ಬೇಸ್‌ಮೆಂಟಿನಲ್ಲಿ. ಆದರೂ ಯುಗಾದಿಗೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅಧ್ಯಕ್ಷ ಭಾಷಣ, ವಂದನಾರ್ಪಣೆ ಎಲ್ಲವೂ ಸಾಂಗವಾಗಿ ನಡೆಯಬೇಕು. ಒಂದು ಸಲ ಹಿಮ ಬಿದ್ದು ಅಧ್ಯಕ್ಷರಾಗಬೇಕಿದ್ದವರು ದೂರದ ಜೆರಿಕೋ ಎಂಬ ಊರಿನಿಂದ ಬರಲಾಗದೆ ಹೋದಾಗ, ಅಧ್ಯಕ್ಷ ಭಾಷಣದ ಹೊತ್ತಿಗೆ ಎಲ್ಲರೂ ಗೌರವದಿಂದ ಸುಮ್ಮನೆ ಕೂತಿದ್ದು, ಆಮೇಲೆ ಅವರ ವಿಚಾರಪೂರ್ಣ ಮಾತುಗಳಿಗಾಗಿ ವಂದನೆ ಸಲ್ಲಿಸಿದ್ದೂ ಉಂಟು. ವಂದನೆ ಸಲ್ಲಿಸಿದವನು ನಾನೇ. ಇದೂ ನನ್ನ ನೆನಪೇ. ಆದರೆ ಇದರ ಬಗ್ಗೆ ಯಾರ ತಕರಾರೂ ಇಲ್ಲ.

ವಂದನಾರ್ಪಣೆಯಲ್ಲಿ ನನ್ನದು ಎತ್ತಿದ ಕೈ ಎಂಬುದನ್ನು ಇಲ್ಲಿ ಹೇಳಬೇಕು. ಕಾಲೇಜಿನಲ್ಲಿ ಬೇರೆಯವರು ಭಾಷಣದಲ್ಲಿ ಹೆಸರು ಮಾಡಿದರೆ ನಾನು ವಂದನಾರ್ಪಣೆಯಲ್ಲಿ ಮಾಡಿದೆ. ಪ್ರಾಂಶುಪಾಲರಿಂದ ಹಿಡಿದು ಮೈಕ್‌ಸೆಟ್ಟಿನವನವರೆಗೆ, ವಿದ್ಯುತ್ತನ್ನು ಕೈಕೊಡದೆ ಕಾಪಾಡಿದ ಇಲಾಖೆಯಿಂದ ಹಿಡಿದು ಮಳೆಯನ್ನು ತಡೆಹಿಡಿದ ದೇವರವರೆಗೆ ಒಬ್ಬರನ್ನೂ ಬಿಡುತ್ತಿರಲಿಲ್ಲ. ದೇವರನ್ನು ನಂಬದಿದ್ದರೂ ವಂದಿಸುತ್ತಿದ್ದೆ. ವಿಚಿತ್ರವೆಂದರೆ, ನಮ್ಮ ಜನ ಮನೆಯಲ್ಲಿ ಜನ್ಮದಲ್ಲೊಮ್ಮೆ ಧನ್ಯವಾದ ಎನ್ನುವವರಲ್ಲ. ವಿಮಲಾ ಕೊಟ್ಟ ಕಾಫಿಗೆ ನಾನು ಥ್ಯಾಂಕ್ಸ್ ಎಂದರೆ ಅವಳು ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿಯಾಳು. ಮನೆಯಲ್ಲಿ ಕೂಡಿಟ್ಟ ಧನ್ಯವಾದವನ್ನೆಲ್ಲ ನಾವು ವೇದಿಕೆಯ ಮೇಲೆ ಸುರಿಯುತ್ತೇವೆ. ಅಮೆರಿಕನ್ನರದು ತಿರುಗುಮುರುಗು. ಊಟದ ಮೇಜಿನಲ್ಲಿ ಉಪ್ಪು ದಾಟಿಸಿದರೂ ಥ್ಯಾಂಕ್ ಯೂ. ಸಭೆಯಲ್ಲಿ ಮಾತ್ರ ನೇರವಾಗಿ ವಿಷಯಕ್ಕೆ ಬರಬೇಕು.

ಈ ಭೇದ ನನಗೆ ಆಗ ಹೊಳೆದಿರಲಿಲ್ಲ. ಶೇಷಗಿರಿಗಂತೂ ಈಗಲೂ ಹೊಳೆದಿಲ್ಲ. “ನೋಡಪ್ಪಾ,” ಎಂದ ಅವನು, ನಮ್ಮ ಸೋಫಾದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, “ಸಭೆ ಅಂದ್ಮೇಲೆ ಸಭಾಮರ್ಯಾದೆ ಅಂತ ಒಂದಿರತ್ತೆ. ನಾವು ಹೊರಗಿನೋರು. ಬಂದ್ ತಕ್ಷಣ ಬಸ್ಸು ಬಸ್ಸು ಅಂತ ಭಿಕ್ಷುಕರ ಥರ ಕೇಳಕ್ಕಾಗತ್ಯೇ? ಮೊದ್ಲು ಅವರನ್ನ ಹೊಗಳು. ಅಮೆರಿಕದ ಶಿಕ್ಷಣ ಪದ್ಧತಿ, ಪ್ರಜಾಪ್ರಭುತ್ವ... ಜನರ, ಜನರಿಂದ, ಜನರಿಗಾಗಿ, ಅದನ್ನೂ ಹಾಕು. ಆಮೇಲೆ ಮೆಲ್ಲಗೆ ಬಸ್ಸನ್ನ ಒಳಗೆ ಬಿಡು.”

“ಮೂರು ನಿಮಿಷ ಅಂತಲ್ಲೋ.”

“ನಮ್ಮಲ್ಲಿ ಎರಡು ಮಾತು ಅಂದ್ರೆ ಎಷ್ಟು ಹೊತ್ತು? ಹಾಗೇ ಇದೂ. ಬಾಯಿಮಾತಿಗೆ ಹೇಳ್ತಾರೆ ಅಷ್ಟೆ.”

ಅಡಿಗೆಮನೆಯಿಂದ ವಿಮಲಾ, “ಶೇಷಗಿರಿಯವರ, ಬಸ್ಸು ಬೇಕು ಅಂತ ಮೊದಲಿಗೇ ಹೇಳಿದ್ರ ಏನ್ ಆಗ್ತದ್ರೀ?” ಎಂದಳು.

“ಅದು ಒರಟಾಗತ್ತೆ ತಾಯಿ.”

“ಲಾರಿ ಒರಟಿಲ್ಲೇನ್ರೀ?” ಎಂದಳು ಅವಳು. ಆ ಮಾತಿಗೆ ನಾವಿಬ್ಬರೂ ಪದವೀಧರರು ಉಪ್ಪಿಟ್ಟಿನ ಕಡೆ ಗಮನ ಹರಿಸಿದೆವು.

ಸಭೆ ಶಾಲೆಯ ಕೆಫೆಟೇರಿಯಾದಲ್ಲಿ. ಮಕ್ಕಳು ಊಟ ಮಾಡುವ ಪುಟ್ಟ ಸ್ಟೂಲುಗಳ ಮೇಲೆ ಊರಿನ ದೊಡ್ಡವರೆಲ್ಲ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಹಾಗೆ ಕೂತವರು ಯಾವ ದೇಶದವರೇ ಆಗಲಿ, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಕಾಣುತ್ತಾರೆ. ಎದುರಿಗೆ ಉದ್ದನೆಯ ಮೇಜು, ಅದರ ಹಿಂದೆ ಬೋರ್ಡಿನವರು. ಅಧ್ಯಕ್ಷರು ವೃತ್ತಿಯಿಂದ ದಂತವೈದ್ಯರು. ಯಾರು ಬಾಯಿ ತೆರೆದರೂ ಅವರ ಕಣ್ಣು ಹಲ್ಲಿನ ಕಡೆಗೇ ಹೋಗುತ್ತಿತ್ತು. ಮೇಜಿನ ಒಂದು ತುದಿಯಲ್ಲಿ ಕಾರ್ಯದರ್ಶಿ, ಕನ್ನಡಕದ ಹೆಂಗಸು. ಅವಳ ಮುಂದೆ ಹೊಟ್ಟೆ ಉಬ್ಬಿದ ದೊಡ್ಡ ನೀರಿನ ಜಗ್ಗು, ಕಾಗದದ ಲೋಟಗಳ ಗೋಪುರ. ಮೈಕು ಪಕ್ಕದಲ್ಲಿ, ಗೋಡೆಯ ಕಡೆಗೆ. ವಿಮಲಾ ರೇಷ್ಮೆ ಸೀರೆಯ ಮೇಲೆ ನನ್ನ ಹಳೆಯ ಓವರ್‌ಕೋಟು ಹಾಕಿ ಚಿತ್ರಾಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಪಕ್ಕದಲ್ಲಿ ಮಿಸೆಸ್ ಕಾನಲಿ. ಆಚೆ ಶೇಷಗಿರಿ, ಟೈ ಕಟ್ಟಿಕೊಂಡು, ನನ್ನ ಗುರುವಿನ ಗತ್ತಿನಲ್ಲಿ.

ನನ್ನ ಸರದಿ ಬಂತು. ಮೈಕಿನ ಮುಂದೆ ನಿಂತೆ. ನನ್ನ ಮುಂಚೆ ಮಾತಾಡಿದವನು ಬಾಸ್ಕೆಟ್‌ಬಾಲ್ ಆಡುವಷ್ಟು ಎತ್ತರದವನು. ಮೈಕು ನನ್ನ ಹಣೆಗೆ ಬಂತು. ಹೆಸರು ಹೇಳಿದೆ, ವಿಳಾಸ ಹೇಳಿದೆ. ಎಲ್ಲೋ ಟಿಕ್ ಟಿಕ್ ಶುರುವಾಯಿತು. ನಾನು ಆರಂಭಿಸಿದೆ. ಮಾನ್ಯ ಅಧ್ಯಕ್ಷರೇ, ಮಾನ್ಯ ಉಪಾಧ್ಯಕ್ಷರೇ, ಬೋರ್ಡಿನ ಗೌರವಾನ್ವಿತ ಸದಸ್ಯರೇ ಎಂದು ಒಬ್ಬೊಬ್ಬರ ಹೆಸರನ್ನೂ ಅವರವರ ಮುಂದಿನ ಹಲಗೆ ನೋಡಿ ಓದಿದೆ. ಶಾಲೆಯ ಪ್ರಿನ್ಸಿಪಾಲರೇ, ಅಧ್ಯಾಪಕ ವೃಂದದವರೇ, ನೆರೆದಿರುವ ಪೋಷಕ ಬಂಧುಗಳೇ. ಅವರ ಅಮೂಲ್ಯ ಸಮಯದಲ್ಲಿ ಒಂದಿಷ್ಟನ್ನು ಈ ಅಲ್ಪನಿಗೆ ಕೊಟ್ಟಿದ್ದಕ್ಕೆ ಕೃತಜ್ಞತೆ ಹೇಳಿದೆ. ಪರದೇಶದಿಂದ ಬಂದವನ ಮಗಳಿಗೆ ಅಕ್ಷರದಾನ ಮಾಡುತ್ತಿರುವ ಈ ದೇಶದ ಔದಾರ್ಯವನ್ನು ಕೊಂಡಾಡಿದೆ. ಜನರ, ಜನರಿಂದ, ಜನರಿಗಾಗಿ ಎಂಬಲ್ಲಿಗೆ ಬಂದೆ. ಎರಡನೆಯ ‘ಜನ’ಕ್ಕೂ ಮೂರನೆಯ ‘ಜನ’ಕ್ಕೂ ನಡುವೆ ಟ್ರ್ರ್ ಎಂದು ಬಡಿದುಕೊಂಡಿತು.

“ಥ್ಯಾಂಕ್ ಯೂ, ಸರ್,” ಎಂದರು ಅಧ್ಯಕ್ಷರು.

ನಾನು ಮುಂದಿನ ವಾಕ್ಯಕ್ಕೆ ಬಾಯಿ ತೆರೆದೇ ಇದ್ದೆ. ಅವರು ನನ್ನ ದವಡೆಹಲ್ಲನ್ನು ನೋಡಿದರು. ತಿರುಗಿ ನೋಡಿದರೆ ಶೇಷಗಿರಿ ಮೆಚ್ಚುಗೆಯಿಂದ ತಲೆದೂಗುತ್ತಿದ್ದ. ವಿಮಲಾ ತಲೆದೂಗುತ್ತಿರಲಿಲ್ಲ. ಅಮೆರಿಕದಲ್ಲಿ ಒಬ್ಬನ ಮಾತು ಮುಗಿಯಿತು ಎಂದರೆ ಮುಗಿಯಿತು. ಇನ್ನು ನನಗೆ ಮುಂದಿನ ತಿಂಗಳೇ ಗತಿ. ಆದರೆ ಬಸ್ಸಿನ ತೀರ್ಮಾನ ಆ ಸಂಜೆಯೇ ಇತ್ತು.

ಆಗ ಎದ್ದವಳು ಮಿಸೆಸ್ ಕಾನಲಿ. “ಮುಂದಿನ ಸರದಿ ನಂದು,” ಎಂದಳು ಇಡೀ ಸಭೆಗೆ ಕೇಳುವಂತೆ. “ಬ್ಯಾಂಡಿನ ವಿಷಯ ಹೇಗೂ ನೀವು ಕೇಳಲ್ಲ. ನನ್ನ ಮೂರು ನಿಮಿಷ ಇವನಿಗೆ ಕೊಡ್ತೀನಿ. ಇವನು ಯಾಕೆ ಬಂದಿದ್ದಾನೆ ಅಂತ ಜನಕ್ಕೆ ಗೊತ್ತಾಗಲಿ, ಪಾಪ.” ಸಭೆಯಲ್ಲಿ ನಗು. ಅಧ್ಯಕ್ಷರು ಬೋರ್ಡಿನ ವಕೀಲರ ಕಡೆ ನೋಡಿದರು. ವಕೀಲರು ಭುಜ ಕುಣಿಸಿದರು. ಮಾತನ್ನು ದಾನ ಕೊಡಬಾರದೆಂದು ಯಾವ ನಿಯಮದಲ್ಲೂ ಇರಲಿಲ್ಲವಂತೆ.

ಓದುಗರೇ, ನೀವು ನನ್ನ ಸ್ಥಾನದಲ್ಲಿದ್ದರೆ ಏನು ಮಾಡುತ್ತಿದ್ದಿರಿ? ಒಬ್ಬ ವೃದ್ಧೆ, ಯಾವ ಬಂಧುವೂ ಅಲ್ಲ, ತುಂಬಿದ ಸಭೆಯಲ್ಲಿ ಎದ್ದು ತನ್ನ ಸಮಯವನ್ನು ನಿಮಗೆ ಧಾರೆಯೆರೆದಿದ್ದಾಳೆ. ಅವಳಿಗೆ ವಂದನೆ ಹೇಳದೆ ಬಸ್ಸು ಎನ್ನುವಷ್ಟು ಕೃತಘ್ನರೇ ನೀವು? ನಾನಲ್ಲ. ಟಿಕ್ ಟಿಕ್ ಶುರುವಾಯಿತು, ನಾನೂ ಶುರುಮಾಡಿದೆ. ಮಿಸೆಸ್ ಕಾನಲಿಯವರ ತಾಯಿಹೃದಯ, ನೆರೆಹೊರೆ ಎಂಬ ಪವಿತ್ರ ಭಾವನೆ, ವಸುಧೈವ ಕುಟುಂಬಕಂ. ಅದನ್ನು ಸಂಸ್ಕೃತದಲ್ಲೇ ಹೇಳಿ, ಬಿಡಿಸಿ ಅರ್ಥ ಹೇಳಿದೆ. ಔದಾರ್ಯದಿಂದ ಅನುಮತಿಯಿತ್ತ ಅಧ್ಯಕ್ಷರಿಗೂ, ಔದಾರ್ಯದಿಂದ ಭುಜ ಕುಣಿಸಿದ ವಕೀಲರಿಗೂ ವಂದಿಸಿದೆ. “ಈಗ ನಾನು ವಿಷಯಕ್ಕೆ ಬರುತ್ತೇನೆ” ಎಂದೆ. ಟ್ರ್ರ್.

ಈ ಸಲದ ನಗು ಬೇರೆ ತರಹದ್ದು. ಸಭೆಗೇ ಒಂದು ಕಳೆ ಬಂದುಬಿಟ್ಟಿತ್ತು. ಬಜೆಟ್ಟಿನ ಚರ್ಚೆಯಲ್ಲಿ ತೂಕಡಿಸುತ್ತಿದ್ದವರು ನೆಟ್ಟಗೆ ಕೂತಿದ್ದರು. ಹಿಂದಿನ ಸಾಲಿನಿಂದ ಕೆಂಪು ಟೋಪಿಯ ಒಬ್ಬ ದಪ್ಪ ಮನುಷ್ಯ ಎದ್ದ. ಅವನು ಶಾಲೆಯ ಚಾವಣಿ ಸೋರುತ್ತದೆ ಎಂದು ಹೇಳಲು ಬಂದವನು. “ಚಾವಣಿ ಇನ್ನೊಂದು ತಿಂಗಳು ಸೋರಲಿ,” ಎಂದ. “ನಂದೂ ತಗೋ, ಮಿಸ್ಟರ್. ಆದರೆ ಒಂದು ಕಂಡಿಷನ್. ಯಾರಿಗೂ ಥ್ಯಾಂಕ್ಸ್ ಹೇಳೋ ಹಾಗಿಲ್ಲ. ನನಗಂತೂ ಹೇಳಲೇಬಾರದು.”

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಇಲ್ಲಿಯವರೆಗೆ ನಮ್ಮಿಬ್ಬರ ನೆನಪೂ ಒಂದೇ ದಾರಿಯಲ್ಲಿ ಬರುತ್ತದೆ; ಇಲ್ಲಿಂದ ಕವಲು.

ನನ್ನ ನೆನಪು ಹೀಗಿದೆ. ವಂದನೆಯನ್ನು ಕಿತ್ತುಕೊಂಡರೆ ನನ್ನಲ್ಲಿ ಏನು ಉಳಿಯುತ್ತದೆಂದು ಒಳಗೆ ತಡಕಾಡಿದೆ. ಆಮೇಲೆ ಹೇಳಿದೆ: “ನನ್ನ ಮಗಳಿಗೆ ಆರು ವರ್ಷ. ಮನೆಗೂ ಶಾಲೆಗೂ ನಡುವೆ ಹೈವೇ ಇದೆ. ಒಂದು ದಿನ ನೀವೇ ನಮ್ಮ ಜೊತೆ ಬಂದು ದಾಟಿ ನೋಡಿ.” ಅಷ್ಟೇ.

ವಿಮಲಾಳ ನೆನಪು ಹೀಗಿದೆ. “ನೀವು ಬಾಯಿ ತಗದು ನಿಂತಿದ್ರಿ, ಮೀನು ನಿಂತಾಂಗ. ಮಾತs ಬರ್ಲಿಲ್ಲ. ನಾ ಚಿತ್ರಾಳನ್ನ ಮಿಸೆಸ್ ಕಾನಲಿ ಕಡೆ ಕೊಟ್ಟು ಎದ್ದು ಬಂದೆ. ನಿಮ್ಮನ್ನ ಇಷ್ಟು ಮೊಳಕೈಲೆ ಸರಿಸಿದೆ. ಅದು ನಾ ಹೇಳಿದ್ದು.” ಅವಳ ಇಂಗ್ಲಿಷ್ ಆಗ ತರಕಾರಿ ಕೊಳ್ಳುವಷ್ಟು ಮಾತ್ರ ಎಂದು ನಾನು ವಾದಿಸಿದರೆ, “ಮತ್ತ? ಅಷ್ಟs ಸಾಕಾತಲ್ಲ!” ಎನ್ನುತ್ತಾಳೆ.

ಯಾರೇ ಹೇಳಿರಲಿ, ಆಮೇಲಿನದರಲ್ಲಿ ಮತ್ತೆ ನಮ್ಮ ನೆನಪು ಕೂಡುತ್ತದೆ. ಮೂರು ಪುಟ್ಟ ವಾಕ್ಯ ಮುಗಿದ ಮೇಲೂ ಟೈಮರು ನಡೆಯುತ್ತಲೇ ಇತ್ತು. ಅಧ್ಯಕ್ಷರು ಥ್ಯಾಂಕ್ ಯೂ ಎನ್ನಲು ಬಾಯಿ ತೆರೆದು ಹಾಗೆಯೇ ಮುಚ್ಚಿದರು. ಸಮಯ ಇನ್ನೂ ನಮ್ಮದಿತ್ತು. ಕಾನೂನಿನ ಪ್ರಕಾರ ಅದನ್ನು ಕಸಿಯುವಂತಿರಲಿಲ್ಲ. ಇಡೀ ಕೆಫೆಟೇರಿಯಾ ಆ ಟಿಕ್ ಟಿಕ್ ಕೇಳುತ್ತ ಕೂತಿತು. ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಅದೂ ನಿಂತಿತು. ಸದ್ದಿಲ್ಲದಾಗ ಹೊರಗಿನ ಹೈವೇ ಕೇಳಿಸತೊಡಗಿತು. ಒಂದು ಲಾರಿ ಹೋಯಿತು, ಕಿಟಕಿಯ ಗಾಜು ಗುಂಯ್ ಎಂದಿತು. ಇನ್ನೊಂದು ಹೋಯಿತು. ಬೋರ್ಡಿನವರು ಒಬ್ಬೊಬ್ಬರಾಗಿ ಕಿಟಕಿಯ ಕಡೆ ತಿರುಗಿದರು. ಕಾಲೇಜಿನ ದಿನಗಳಿಂದ ಎಷ್ಟೋ ಸಭೆಗಳಲ್ಲಿ ಕೂತಿದ್ದೇನೆ. ಅಷ್ಟು ಚೆನ್ನಾದ ಭಾಷಣವನ್ನು ಇನ್ನೊಮ್ಮೆ ಕೇಳಿಲ್ಲ. ಕೊನೆಗೆ ಟ್ರ್ರ್ ಎಂದಾಗ ಅಧ್ಯಕ್ಷರು, “ಬಸ್ಸಿನ ತೀರ್ಮಾನ ಮುಂದಿನ ತಿಂಗಳಿಗೆ. ಅಷ್ಟರಲ್ಲಿ ನಾನು ದಾಟಿ ನೋಡ್ತೀನಿ” ಎಂದರು.

ಬಂದೇ ಬಂದರು ಪುಣ್ಯಾತ್ಮ. ಮಂಜು ಅರೆ ಕರಗಿ ರಸ್ತೆಯ ಅಂಚೆಲ್ಲ ಕಪ್ಪು ರಾಡಿಯಾಗಿದ್ದ ಒಂದು ಬೆಳಿಗ್ಗೆ, ಕ್ಲಿನಿಕ್ಕಿಗೆ ಹೋಗುವ ಮುಂಚೆ, ಹೊಳೆಯುವ ಬೂಟು ಹಾಕಿಕೊಂಡು. ನಾನು ಗೇಟಿನ ಹತ್ತಿರ ಕಾರಿನ ಗಾಜಿನ ಮಂಜು ಕೆರೆಯುತ್ತಿದ್ದೆ. ನಗುನಗುತ್ತ “ಗುಡ್ ಮಾರ್ನಿಂಗ್ ಡಾಕ್ಟರ್” ಎಂದೆ. ಅವರು ನನಗೆ ತಲೆಯಾಡಿಸಿ, ನೇರವಾಗಿ ವಿಮಲಾಳ ಕಡೆ ಹೋಗಿ, “ಬಂದಿದ್ದೇನೆ, ಮ್ಯಾಡಮ್, ನೀವು ಹೇಳಿದ ಹಾಗೆ” ಎಂದು ಟೋಪಿ ತೆಗೆದರು. ನನ್ನನ್ನು ಗುರುತು ಹಿಡಿಯಲಿಲ್ಲ. ನಾನು ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿದ್ದೆನಲ್ಲ, ಅದಕ್ಕೆ ಎಂದುಕೊಂಡೆ. ಇಷ್ಟು ವರ್ಷ ಹಾಗೆಯೇ ಅಂದುಕೊಂಡಿದ್ದೇನೆ.

ಮೂವರೂ ದಾಟಲು ನಿಂತರು. ವಿಮಲಾ ಸೀರೆಯ ನೆರಿಗೆ ಎತ್ತಿ ಕೋಟಿನೊಳಗೆ ಸಿಕ್ಕಿಸಿ, ಒಂದು ಕೈಯಲ್ಲಿ ಚಿತ್ರಾ, ಇನ್ನೊಂದು ಕೈಯಲ್ಲಿ ಡಾಕ್ಟರ ತೋಳು. “ಈಗ ಅಲ್ಲ... ಈಗೂ ಅಲ್ಲ... ತಡೀರಿ... ಓಡ್ರಿ!” ಕನ್ನಡದಲ್ಲೇ ಹೇಳಿದಳು. ಡಾಕ್ಟರು ಓಡಿದರು. ದಂತವೈದ್ಯರು ಸಾಮಾನ್ಯವಾಗಿ ಓಡುವವರಲ್ಲ, ಬೇರೆಯವರನ್ನು ಓಡಿಸುವವರು. ಒಂದು ಲಾರಿ ಹಾರ್ನ್ ಹೊಡೆದ ಭರಕ್ಕೆ ಅವರ ಟೋಪಿ ಹಾರಿ ನಡುರಸ್ತೆಯಲ್ಲಿ ಬಿತ್ತು, ಅದರ ಮೇಲೆ ಹಿಂದೆ ಬಂದ ಇನ್ನೊಂದು ಲಾರಿ ಹಾದುಹೋಯಿತು. ಆಚೆ ದಡದಲ್ಲಿ ನಿಂತು ಅವರು ಆ ಟೋಪಿಯನ್ನು ನೋಡಿದ್ದು ನನಗೆ ಈಚೆಯಿಂದಲೇ ಕಂಡಿತು. ಬಹಳ ಹೊತ್ತು ನೋಡಿದರು. “ಮಾಮ್, ಹೀ ರನ್ಸ್ ಫನ್ನಿ!” ಎಂದು ಚಿತ್ರಾ ಕೂಗಿದ್ದು ಲಾರಿಗಳ ಸದ್ದಿನ ನಡುವೆಯೂ ಕೇಳಿಸಿತು. ಸೆಪ್ಟೆಂಬರಿನಲ್ಲಿ ಹಳದಿ ಬಸ್ಸು ಎಂದಿನಂತೆ ನಮ್ಮ ಗೇಟಿನ ಮುಂದೆ ನಿಂತಿತು. ಚಿತ್ರಾ ಹಿಂದೆ ತಿರುಗಿ ನೋಡದೆ ಹತ್ತಿದಳು. ಡ್ರೈವರಿಗೆ ನಮ್ಮ ಇಡೀ ಅಪಾರ್ಟ್‌ಮೆಂಟಿನ ಪರವಾಗಿ ಎರಡು ಮಾತು ಹೇಳೋಣವೆಂದು ನಾನು ಮೆಟ್ಟಿಲಿನ ಹತ್ತಿರ ಹೋದೆ. “ಗುಡ್ ಮಾರ್ನಿಂಗ್ ಸರ್, ಆನ್ ಬಿಹಾಫ್ ಆಫ್...” ಎನ್ನುವಷ್ಟರಲ್ಲಿ ಬಾಗಿಲು ಫುಸ್ಸೆಂದು ಮುಚ್ಚಿಕೊಂಡಿತು.

ಅಲ್ಲಿಂದ ಮುಂದೆ ಆ ಸಂಜೆಯ ಕಥೆ ನಮ್ಮ ಬಳಗದಲ್ಲಿ ನನ್ನ ಆಸ್ತಿಯಾಯಿತು. ಹೊಸದಾಗಿ ಬಂದವರಿಗೆ, ಡಿಗ್ರಿ ಸುತ್ತಿ ಹಿಡಿದುಕೊಂಡು ಬಂದ ಹುಡುಗರಿಗೆ, ಊಟವಾದ ಮೇಲೆ ಹೇಳುತ್ತಿದ್ದೆ. ‘ದಾಟಿ ನೋಡಿ’ ಎನ್ನುವಲ್ಲಿ ನನ್ನ ಧ್ವನಿ ವರ್ಷದಿಂದ ವರ್ಷಕ್ಕೆ ಗಂಭೀರವಾಗುತ್ತ ಬಂತು. ವಿಮಲಾ ಎದುರಾಡುತ್ತಿರಲಿಲ್ಲ. ಅವಳು ಮಜ್ಜಿಗೆ ಬಡಿಸುತ್ತ, ‘ಕೋಳಿ’ ಎಂಬಲ್ಲಿ ಮಾತ್ರ ಸಣ್ಣಗೆ “ಟೊಮ್ಯಾಟೊ” ಎನ್ನುತ್ತಿದ್ದಳು. ಉಳಿದದ್ದನ್ನೆಲ್ಲ ನನಗೆ ಬಿಟ್ಟುಕೊಟ್ಟು ಅದೊಂದನ್ನೇ ಯಾಕೆ ಹಿಡಿದುಕೊಂಡಿದ್ದಾಳೆಂದು ನನಗೆ ಆಶ್ಚರ್ಯ. “ಕೋಳಿಯಾದರೇನು, ಟೊಮೇಟೊ ಆದರೇನು?” ಎಂದು ಒಮ್ಮೆ ಕೇಳಿದೆ. “ಏನೂ ಇಲ್ಲ,” ಎಂದಳು. “ಕಂಡದ್ದು ಹೇಳ್ಬೇಕಲ್ಲ.” ಮಿಸೆಸ್ ಕಾನಲಿಯನ್ನು ಕೇಳಬಹುದಿತ್ತು, ಅಷ್ಟರಲ್ಲಿ ಅವಳು ತನ್ನ ನೆನಪನ್ನೂ ಕಟ್ಟಿಕೊಂಡು ಫ್ಲಾರಿಡಾದ ತಂಗಿಯ ಮನೆಗೆ ಹೋಗಿಬಿಟ್ಟಿದ್ದಳು. ಆದರೆ ಅವಳ ಅಡಿಗೆಮನೆಯ ಕಿಟಕಿಯಲ್ಲಿ ಒಂದು ಹಳದಿ ಕೋಳಿ ಟೈಮರು ಕೂತಿರುತ್ತಿತ್ತು ಎಂದು ಮೊನ್ನೆ ಯಾಕೋ ನೆನಪಾಗಿ ನನಗೆ ಸ್ವಲ್ಪ ಕಸಿವಿಸಿಯಾಯಿತು.

ಈ ವರ್ಷ, ಎಪ್ಪತ್ತರ ದಶಕ ಇನ್ನೇನು ಮುಗಿಯುತ್ತಿರುವಾಗ, ಮತ್ತೆ ಬೋರ್ಡಿನ ಸಭೆಗೆ ಹೋಗುವ ಪ್ರಸಂಗ ಬಂತು. ಚಿತ್ರಾ ಈಗ ಕ್ಲಾರಿನೆಟ್ ಊದುತ್ತಾಳೆ. ಊದುವುದು ಎಂದಷ್ಟೇ ಹೇಳಬಲ್ಲೆ. ಖರ್ಚು ಉಳಿಸಲು ಬೋರ್ಡಿನವರು ಸ್ಕೂಲ್ ಬ್ಯಾಂಡನ್ನು ನಿಲ್ಲಿಸಬೇಕೆಂದಿದ್ದರು. ಮಿಸೆಸ್ ಕಾನಲಿ ಎಷ್ಟೋ ತಿಂಗಳು ಬೈದರೂ ಆಗದ ಕೆಲಸ ಅವಳು ಊರು ಬಿಟ್ಟ ಮೇಲೆ ಆಗುವುದರಲ್ಲಿತ್ತು. “ಡ್ಯಾಡ್, ಜಸ್ಟ್ ಡೋಂಟ್ ಥ್ಯಾಂಕ್ ಎನಿಬಡಿ, ಓಕೆ?” ಎಂದಳು ಚಿತ್ರಾ ಕಾರಿನಲ್ಲಿ. ಕಾರು ಓಡಿಸುತ್ತಿದ್ದವಳು ವಿಮಲಾ. ಅವಳಿಗೆ ಕಡೆಗೂ ಕಲಿಸಿದವನು ಶೇಷಗಿರಿ. ಅವನು ಕೂಗುವುದಿಲ್ಲ, ಪ್ರತಿ ತಿರುವಿಗೂ ಪ್ರಾಸ್ತಾವಿಕ ನುಡಿ ಹೇಳುತ್ತಾನೆ.

ಅದೇ ಕೆಫೆಟೇರಿಯಾ, ಅದೇ ಸ್ಟೂಲುಗಳು. ಮೊಣಕಾಲು ಮಾತ್ರ ಮೊದಲಿಗಿಂತ ನಿಧಾನವಾಗಿ ಮಡಚಿತು. ಅಧ್ಯಕ್ಷರು ಬೇರೆಯವರು, ಕಾರ್ಯದರ್ಶಿ ಅವಳೇ. ಈ ದೇಶದವರು ಕಾರು ಬದಲಾಯಿಸುತ್ತಾರೆ, ಊರು ಬದಲಾಯಿಸುತ್ತಾರೆ; ಸ್ಕೂಲ್ ಬೋರ್ಡಿನ ನೀರಿನ ಜಗ್ಗನ್ನು ಬದಲಾಯಿಸುವುದಿಲ್ಲ. ಹೊಟ್ಟೆ ಉಬ್ಬಿದ ಅದೇ ಜಗ್ಗು, ಅದೇ ಲೋಟಗಳ ಗೋಪುರ. ಮೊದಲ ಭಾಷಣಕಾರ ಎದ್ದಾಗ ಟಿಕ್ ಟಿಕ್ ಕೇಳಿಸಿತು. ನನ್ನ ವೃತ್ತಿಬುದ್ಧಿ ಜಾಗೃತವಾಯಿತು. ಕತ್ತು ಚಾಚಿ ನೋಡಿದೆ: ಜಗ್ಗು ಮಾತ್ರ ಕಂಡಿತು. ಸ್ಟೂಲು ಬದಲಾಯಿಸಿ ನೋಡಿದೆ, ಎದ್ದು ಕೋಟು ಸರಿಪಡಿಸಿಕೊಳ್ಳುವ ನೆಪದಲ್ಲಿ ನೋಡಿದೆ, ನೀರು ಕುಡಿಯುವ ನೆಪದಲ್ಲಿ ಹಿಂದಿನ ಸಾಲಿಗೆ ಹೋಗಿ ಬಂದೆ: ಜಗ್ಗು, ಬರೀ ಜಗ್ಗು. ಕೂತವರಿಗೆ ಟೈಮರು ಕಾಣುವುದೇ ಇಲ್ಲ. ಶೇಷಗಿರಿ ಸುಳ್ಳು ಹೇಳಿರಲಿಲ್ಲ. ಅವನು ಆ ಸಂಜೆ ಸ್ಟೂಲು ಬಿಟ್ಟು ಎದ್ದಿರಲೇ ಇಲ್ಲ. ವಿಮಲಾ ಪಕ್ಕದಲ್ಲಿ ಕೂತು, ನನ್ನ ಓಡಾಟವನ್ನೆಲ್ಲ ನೋಡುತ್ತ, ಪರ್ಸಿನಿಂದ ಒಂದು ಏಲಕ್ಕಿ ತೆಗೆದು ಬಾಯಿಗೆ ಹಾಕಿಕೊಂಡಳು.

ನನ್ನ ಸರದಿ ಬಂದಾಗ ಮೈಕಿನ ಹತ್ತಿರ ಹೋದೆ. ಹೆಸರು ಹೇಳಿದೆ, ವಿಳಾಸ ಹೇಳಿದೆ, “ಬ್ಯಾಂಡ್ ಇರಲಿ, ನನ್ನ ಮಗಳು ಇನ್ನೂ ಕಲಿಯಬೇಕಾದ್ದು ಬಹಳ ಇದೆ” ಎಂದೆ. ಯಾರಿಗೂ ವಂದಿಸಲಿಲ್ಲ. ಉಳಿದ ಸಮಯವೆಲ್ಲ ನನ್ನದೇ ಆಗಿತ್ತು. ಆದ್ದರಿಂದ ಅಧ್ಯಕ್ಷರ ಮುಖ ಬಿಟ್ಟು, ನಿಧಾನವಾಗಿ, ಒಬ್ಬ ಪರೀಕ್ಷಕನಿಗೆ ತಕ್ಕಂತೆ, ಜಗ್ಗಿನ ಹಿಂಬದಿಗೆ ನೋಡಿದೆ. ಬೇರೆ ವಿಷಯಗಳಲ್ಲಿ ನನ್ನ ಸಂಶಯಗಳನ್ನು ಇಟ್ಟುಕೊಳ್ಳುವ ಹಕ್ಕನ್ನು ನಾನು ಬಿಟ್ಟುಕೊಡುವುದಿಲ್ಲ. ಇದೊಂದನ್ನು ಮಾತ್ರ ಖುದ್ದಾಗಿ ಪರೀಕ್ಷಿಸಿದ್ದೇನೆ: ಅದು ಟೊಮೇಟೊ. ಕೆಂಪಗಿದೆ, ದೇಟು ಹಸಿರು, ತುದಿ ಮುರಿದಿದೆ. ಮತ್ತು ಮೈಕಿನ ಮುಂದೆ ಬಂದು ನಿಂತವರಿಗಲ್ಲದೆ ಅದು ಇನ್ನಾರಿಗೂ ಕಾಣುವುದಿಲ್ಲ.